ಮೇಷ್ಟ್ರ ಬಲಗೈ

ಜೂನ್ ಮೊದಲ ವಾರ ಮಗಳು ಮಲ್ಲೇಶ್ವರದಿಂದ ಫೋನ್ ಮಾಡಿ, "ಅಮ್ಮಾ, ಚಿನ್ನಿ ಪುಸ್ತಕಕ್ಕೆಲ್ಲ ಬೈಂಡ್ ಹಾಕ್ಬೇಕು. ನಂಗೆ ಆಫೀಸಲ್ಲಿ ಆಡಿಟ್ ನಡೀತಿದೆ, ನೀನು ಬಂದ್ಬಿಡು" ಎಂದಳು. ಹೋದೆ. ನೆಲದ ಮೇಲೆ ಪುಸ್ತಕ, ಕತ್ತರಿ, ಲೇಬಲ್ಲು ಎಲ್ಲ ಹರಡಿಕೊಂಡು ಖಾಕಿ ಕಾಗದದ ಸುರುಳಿ ಬಿಚ್ಚಿದೆ. ಬಿಚ್ಚಿದ್ದೇ ತಡ, ಒಣಹುಲ್ಲಿನಂತೆಯೂ ಅಂಟಿನಂತೆಯೂ ಇರುವ ಅದರ ವಾಸನೆ ಮುಖಕ್ಕೆ ಬಂತು. ಕತ್ತರಿ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ.

"ಯಾಕಜ್ಜಿ ನಿಲ್ಲಿಸ್ಬಿಟ್ರಿ?" ಎಂದಳು ಮೊಮ್ಮಗಳು.

"ತಾತನ ವಾಸನೆ ಬಂತು ಪುಟ್ಟ" ಎಂದೆ.

ಅವಳು ಕಾಗದಕ್ಕೆ ಮೂಗು ಹಚ್ಚಿ ನೋಡಿ, "ಇದು ಪೇಪರ್ ವಾಸನೆ ಅಷ್ಟೆ" ಎಂದು ನಕ್ಕಳು.

ಅವಳ ತಾತ ಹೋಗಿ ಎರಡು ವರ್ಷವಾಗುತ್ತ ಬಂತು. ಆದರೆ ಆ ವಾಸನೆಯ ಹಿಂದೆ ನನಗೆ ಬಂದದ್ದು ಅವರ ಕೊನೆಯ ದಿನಗಳಲ್ಲ. ಅದಕ್ಕೂ ಕೆಲವು ವರ್ಷ ಹಿಂದಿನ ಒಂದು ಮಳೆಗಾಲ. ಅರವತ್ತು ದಾಟಿದ ನಾನು ಮೊದಲ ಸಲ ಕ್ರೇಯಾನ್ ಹಿಡಿದು ಒಬ್ಬ ಮನುಷ್ಯನನ್ನು ನೋಡಿ ಬರೆಯಲು ಕೂತ ಮಳೆಗಾಲ.

ನನ್ನ ಯಜಮಾನರು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಹೆಸರು ಶ್ರೀಕಂಠ. ನಾವಿದ್ದ ಶಂಕರಪುರದಲ್ಲಿ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಸೊಪ್ಪಿನವಳಿಗೂ ಇಸ್ತ್ರಿಯವನಿಗೂ ಅವರು ಮೇಷ್ಟ್ರೇ. ಕೆಲಸದಲ್ಲಿದ್ದಷ್ಟು ಕಾಲ ಹುಡುಗರಿಂದ ಬದನೆಕಾಯಿ, ಚೊಂಬು, ಮಡಿಸಿದ ಛತ್ರಿ ಬರೆಸಿದರು. ಅದರಾಚೆ ಸಿಲಬಸ್ಸಿನಲ್ಲಿ ಏನೂ ಇರಲಿಲ್ಲ. "ಛತ್ರಿ ಬರೆಸ್ತೀವಿ, ಅದನ್ನ ಹಿಡ್ಕೊಂಡಿರೋ ಮನುಷ್ಯನ್ನ ಬರೆಸೋದೇ ಇಲ್ಲ ನೋಡು" ಎಂದು ಮನೆಗೆ ಬಂದು ಗೊಣಗುತ್ತಿದ್ದರು. ರಿಟೈರಾದ ಮೇಲೆ ಆ ಆಸೆಯನ್ನು ತೀರಿಸಿಕೊಂಡರು. ನಮ್ಮ ರಸ್ತೆಯ ತುದಿಯಲ್ಲಿ ಅವರ ಸ್ನೇಹಿತರೊಬ್ಬರ ಮನೆಯ ಮಹಡಿಯಲ್ಲಿ ಒಂದು ಹಾಲ್ ಖಾಲಿ ಬಿದ್ದಿತ್ತು. ಉತ್ತರಕ್ಕೆ ದೊಡ್ಡ ಕಿಟಕಿ, ಅದರಾಚೆ ಸಂಪಿಗೆ ಮರ. ಭಾನುವಾರ ಬೆಳಗ್ಗೆ ಅಲ್ಲಿ ಒಂದಷ್ಟು ಜನ ಸೇರುತ್ತಿದ್ದರು. ಬ್ಯಾಂಕಿನವರು, ಇಬ್ಬರು ಟೀಚರು, ಒಬ್ಬ ದಂತವೈದ್ಯ, ಮೇಷ್ಟ್ರ ಹಳೆಯ ಶಿಷ್ಯರು ಕೆಲವರು. ನಡುವೆ ಒಂದು ಸ್ಟೂಲ್. ಅದರ ಮೇಲೆ ಒಬ್ಬರು ಕೂರುತ್ತಿದ್ದರು. ಸುತ್ತ ಕೂತವರು ಅವರನ್ನು ನೋಡಿ ಬರೆಯುತ್ತಿದ್ದರು.

ಬರೆಯುತ್ತಿದ್ದದ್ದು ಬಿಳಿ ಹಾಳೆಯ ಮೇಲಲ್ಲ. ಕಾಟನ್‌ಪೇಟೆಯ ಸಗಟು ಅಂಗಡಿಯಿಂದ ಮೇಷ್ಟ್ರು ದಪ್ಪ ಖಾಕಿ ಕಾಗದದ ಕಟ್ಟು ತರುತ್ತಿದ್ದರು, ಒಂದು ಮಗ್ಗುಲು ನುಣುಪು, ಇನ್ನೊಂದು ತರಿತರಿ. ತರಿಯಿದ್ದ ಕಡೆ ಬರೆಯಬೇಕು. ಕ್ರೇಯಾನ್ ಅಂದರೆ ಮಕ್ಕಳು ಬಳಿಯುವ ಮೇಣದ ಕಡ್ಡಿಯಲ್ಲ. ಚೌಕನೆಯ, ಗಟ್ಟಿಯಾದ ತುಂಡುಗಳು, ಕಪ್ಪು, ಇಟ್ಟಿಗೆ ಕೆಂಪು, ಬಿಳಿ, ಅಷ್ಟೆ. "ಬಿಳಿ ಹಾಳೇಲಿ ಬರೀ ಕತ್ತಲೆ ಹಾಕ್ಬೋದು. ಈ ಕಾಗದದಲ್ಲಿ ಬೆಳಕನ್ನೂ ಹಾಕ್ಬೋದು" ಎಂದು ಯಾರು ಹೊಸದಾಗಿ ಬಂದರೂ ಹೇಳುತ್ತಿದ್ದರು. ಆ ಮಾತು ನನಗೆ ಬಾಯಿಪಾಠವಾಗಿತ್ತು. ಅರ್ಥ ಮಾತ್ರ ಆಗಿರಲಿಲ್ಲ.

ನನ್ನದು ಕಿವಿಯ ಕೆಲಸ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಅಲ್ಲೇ ರಿಟೈರಾದವಳು. ಯಾರಾದರೂ "ಹಲೋ" ಎಂದರೆ ಅವರಿಗೆ ಜ್ವರವೋ, ಮನೆಯಲ್ಲಿ ಜಗಳವೋ ಹೇಳಿಬಿಡುತ್ತಿದ್ದೆ. ಕಣ್ಣು ಮಾತ್ರ ಇದ್ದೂ ಇಲ್ಲದ ಹಾಗೆ. ಎದುರು ಮನೆ ಗೇಟಿನ ಬಣ್ಣ ಬದಲಾಗಿ ದೀಪಾವಳಿಯೇ ಕಳೆದರೂ ನನಗೆ ಗೊತ್ತಾಗಿರಲಿಲ್ಲ ಎಂದು ಮಗಳು ಈಗಲೂ ಆಡಿಕೊಳ್ಳುತ್ತಾಳೆ. ಭಾನುವಾರದ ಆ ಮಹಡಿಗೆ ನಾನು ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಿದ್ದೆನೇ ಹೊರತು ಹೋಗುತ್ತಿರಲಿಲ್ಲ. ಒಬ್ಬರನ್ನು ಕೂರಿಸಿಕೊಂಡು ಹತ್ತು ಜನ ದಿಟ್ಟಿಸಿ ನೋಡುವುದು ಎಂದರೆ ನನಗೆ ಒಂಥರಾ ಸಂಕೋಚ. "ನೀನೊಂದ್ಸಲ ಬಾರೆ ಸುಶೀಲ" ಎಂದು ಅವರು ಕರೆದು ಕರೆದು ಬಿಟ್ಟುಬಿಟ್ಟಿದ್ದರು.

ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅವರ ಬಲಗೈ ನಡುಗತೊಡಗಿತು. ಮೊದಮೊದಲು ಹೆಬ್ಬೆರಳು, ತೋರುಬೆರಳು ಮಾತ್ರ. ಪೇಪರ್ ಓದುತ್ತ ಕೂತಾಗ ಎರಡೂ ಬೆರಳು ತಾವಾಗಿ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ದೇವರ ಬತ್ತಿ ಹೊಸೆಯುವ ಹಾಗೆ. ಆಮೇಲೆ ಮಣಿಕಟ್ಟಿಗೆ ಬಂತು. ಬಸವನಗುಡಿಯ ಡಾಕ್ಟರು ನಡೆಸಿ ನೋಡಿದರು, ಕೈ ಮಡಚಿ ನೋಡಿದರು, ಒಂದು ಸಾಲು ಬರೆಸಿ ನೋಡಿದರು. "ಪಾರ್ಕಿನ್ಸನ್ ಇದು. ಪ್ರಾಣಕ್ಕೇನೂ ಭಯ ಇಲ್ಲ. ಆದ್ರೆ ಹೋಗೋ ಕಾಯಿಲೆ ಅಲ್ಲ, ನಿಧಾನಕ್ಕೆ ಜಾಸ್ತಿ ಆಗುತ್ತೆ" ಎಂದರು. ವಾಪಸ್ ಆಟೋದಲ್ಲಿ ಬಂದೆವು. ಇಳಿಯುವಾಗ ಅವರು, "ಬಲಗೈನೇ ಆಗ್ಬೇಕಿತ್ತಾ?" ಎಂದರು. ಅಷ್ಟೆ.

ಮಳೆ ಶುರುವಾಯಿತು. ಅವರು ಭಾನುವಾರ ಹೋಗುವುದನ್ನು ನಿಲ್ಲಿಸಿದರು. ಶಿಷ್ಯರು ಫೋನ್ ಮಾಡಿದರೆ, "ಮಳೆ ಕಣಪ್ಪ, ಶೀತ" ಎನ್ನುತ್ತಿದ್ದರು. ನಮ್ಮೂರಿನ ಮಳೆ ಬೆಳಗ್ಗೆ ಬರುವುದಿಲ್ಲ, ಸಂಜೆ ಬರುತ್ತದೆ ಎಂಬುದು ಆ ಕಡೆಯವರಿಗೂ ಗೊತ್ತಿತ್ತು. ಗಡ್ಡ ಬಿಟ್ಟರು. ಕೈಯನ್ನು ಶಾಲಿನ ಒಳಗೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತುಬಿಡುತ್ತಿದ್ದರು. ನಾನೂ ಅವರ ಜೊತೆ ಸೇರಿ ಆ ಕೈಯನ್ನು ಮುಚ್ಚಿಟ್ಟೆ. ಮನೆಗೆ ಯಾರಾದರೂ ಬಂದರೆ ಶಾಲು ಸರಿಮಾಡುತ್ತಿದ್ದೆ. ಕಾಫಿಯನ್ನು ಎಡಗೈಗೆ ಕೊಡುತ್ತಿದ್ದೆ. ಗೃಹಪ್ರವೇಶ, ಮುಂಜಿ, ನಾಮಕರಣ ಯಾವುದಕ್ಕೆ ಕರೆ ಬಂದರೂ ಒಂದು ನೆಪ ಹೇಳಿ ತಪ್ಪಿಸುತ್ತಿದ್ದೆ. ಎಲೆಯ ಮುಂದೆ ಕೂತಾಗ ನಾಲ್ಕು ಜನ ಅವರ ಕೈ ನೋಡುವುದು ನನಗೆ ಬೇಡವಾಗಿತ್ತು. ನನ್ನ ತಮ್ಮ ರಘು ಮಗಳ ಮದುವೆಯ ಮಾತು ತಂದಾಗಲೂ, "ಧಾರೆಗೆ ಬಂದು ಅಕ್ಷತೆ ಹಾಕಿ ಹೊರಟುಬಿಡ್ತೀವಿ ಕಣೋ" ಎಂದೆ. ಅವನ ಮುಖ ಸಣ್ಣದಾಯಿತು. "ಊಟಕ್ಕೂ ನಿಲ್ಲೋದಿಲ್ವೇನಕ್ಕ? ಸೋದರತ್ತೆ ನೀನು" ಎಂದ. ನಾನು ಮಾತು ಬದಲಾಯಿಸಿದೆ.

ಒಂದು ಶನಿವಾರ ಸಂಜೆ ಜೋರು ಮಳೆ. ಕರೆಂಟ್ ಹೋಗಿತ್ತು. ಅವರು ಕಿಟಕಿಯ ಬಳಿಯ ಕತ್ತಲಲ್ಲಿ ಹಾಗೇ ಕೂತಿದ್ದರು. ನನಗೆ ಇದ್ದಕ್ಕಿದ್ದಂತೆ ಭಯವಾಯಿತು. ಇವರು ಹೀಗೇ ಕೂತು ಕೂತು ಇಲ್ಲವಾಗಿಬಿಡುತ್ತಾರೆ ಅನ್ನಿಸಿತು. ಏನಾದರೂ ಹೇಳಬೇಕಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ.

"ರೀ, ನಂಗೆ ಬರಿಯೋದು ಕಲಿಸ್ತೀರಾ?"

"ಏನನ್ನ?"

"ಚಿತ್ರ. ಅದೇ, ಮನುಷ್ಯರನ್ನ ಕೂರಿಸಿ ಬರೀತೀರಲ್ಲ."

ಅವರು ಕತ್ತಲಲ್ಲೇ ನನ್ನ ಕಡೆ ತಿರುಗಿದರು. ಆಮೇಲೆ ಅವರು ನಕ್ಕರು. ಎಷ್ಟೋ ವಾರಗಳಿಂದ ಕೇಳದ ನಗು. "ನಿಂಗಾ? ಬಾಗಿಲ ಮುಂದೆ ರಂಗೋಲಿ ಸ್ಟಿಕರ್ ತಂದು ಅಂಟಿಸಿದವಳು ನೀನು!"

"ಅದಕ್ಕೇ ಕಲಿಸಿ ಅಂದಿದ್ದು."

ಮಾರನೆಯ ದಿನ ಅವರು ಗಡ್ಡ ತೆಗೆಸಿಕೊಳ್ಳಲು ಒಪ್ಪಿದರು. ಇಬ್ಬರೂ ಮಹಡಿ ಹತ್ತಿದೆವು.

ಆ ವರ್ಷ ಸ್ಟೂಲಿನ ಮೇಲೆ ಕೂರುತ್ತಿದ್ದವರು ಕೆಂಪಮ್ಮ. ಗವಿಪುರದ ಕಡೆಯವರು, ನನ್ನ ವಯಸ್ಸೇ. ಹಿಂದೆ ಒಂದು ಕಾಲೇಜಿನಲ್ಲಿ ಆಯಾ ಆಗಿದ್ದರು. ಕೆಂಪು ಸೀರೆ, ಎಣ್ಣೆ ಹಚ್ಚಿ ಬಾಚಿದ ತುರುಬು, ದೊಡ್ಡ ಮೈ. ಸ್ಟೂಲಿನ ಮೇಲೆ ಕೂತರೆ ಗುಡಿಯ ಮುಂದೆ ಕೂತ ಹಾಗೆ ನಿಶ್ಚಲವಾಗಿ ಕೂರುತ್ತಿದ್ದರು. ನಡುವೆ ಬಿಡುವು ಕೊಟ್ಟಾಗ ಮಾತ್ರ ಬಾಯಿ ಬಿಚ್ಚುತ್ತಿದ್ದರು. ಬಿಚ್ಚಿದರೆ ನಿಲ್ಲಿಸುವುದು ಕಷ್ಟವಾಗುತ್ತಿತ್ತು.

ನನ್ನ ತೊಡೆಯ ಮೇಲೆ ಹಲಗೆ, ಅದಕ್ಕೆ ಕ್ಲಿಪ್ ಹಾಕಿದ ಖಾಕಿ ಕಾಗದ. ಮೇಷ್ಟ್ರು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಬಲಗೈ ಶಾಲಿನೊಳಗೆ. ಕ್ರೇಯಾನ್ ಮುಟ್ಟಲಿಲ್ಲ. ಬರೀ ಮಾತು. "ಮೊದ್ಲು ಮುಖಕ್ಕೆ ಹೋಗ್ಬೇಡ. ಮೈ ಭಾರ ಎಲ್ಲಿ ಬಿದ್ದಿದೆ ನೋಡು. ಯಾವ ಮಗ್ಗುಲಿಗೆ ವಾಲಿ ಕೂತಿದಾರೆ?... ಕಡ್ಡಿ ತುದಿಯಿಂದ ಗೀಚ್ಬೇಡ, ಮಲಗಿಸಿ ಎಳಿ... ಒಂದು ಕಣ್ಣು ಮುಚ್ಕೊ. ಕೈ ನೆಟ್ಟಗೆ ಚಾಚು, ಕಡ್ಡೀಲಿ ಅಳತೆ ಹಿಡಿ." ನಾನು ಒಂದು ಕಣ್ಣು ಮುಚ್ಚಲು ಹೋದರೆ ಎರಡೂ ಮುಚ್ಚಿಕೊಳ್ಳುತ್ತಿದ್ದವು.

ಬಿಡುವಿನಲ್ಲಿ ಕೆಂಪಮ್ಮ ಎದ್ದು ಬಂದು ನನ್ನ ಹಲಗೆ ನೋಡಿದರು. "ಅಯ್ಯೋ ಅಕ್ಕ, ಎಂಥ ಚೆಂದ ಕೂತಿದ್ದೆ ನಾನು! ಆಯುಧಪೂಜೆ ಕುಂಬಳಕಾಯಿ ಮಾಡ್ಬಿಟ್ಟಿದೀರಲ್ಲ!"

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ತಿರುಗಿ ನೋಡಿದರೆ ಮೇಷ್ಟ್ರ ಕಣ್ಣಲ್ಲಿ ನೀರು ಬರುವಷ್ಟು ನಗು. ಆ ನಗು ನೋಡಿದ ಮೇಲೆ ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ.

ಆಷಾಢ ಕಳೆಯಿತು, ಶ್ರಾವಣ ಬಂತು. ಹಬ್ಬಗಳ ಸಾಲಿನ ನಡುವೆಯೇ ನಾನು ಕಲಿತೆ. ಕುಂಬಳಕಾಯಿಗೆ ನಿಧಾನವಾಗಿ ಭುಜ ಬಂತು, ಸೊಂಟ ಬಂತು. ಒಂದು ದಿನ ಕೆಂಪಮ್ಮನ ಕೆನ್ನೆಯ ಮೇಲೆ ಬಿಳಿ ಕ್ರೇಯಾನ್ ಒತ್ತಿದಾಗ ಖಾಕಿಯೊಳಗಿಂದ ಆ ಕೆನ್ನೆ ತಟ್ಟನೆ ಮುಂದೆ ಬಂದ ಹಾಗಾಯಿತು. ಕೈ ಹಿಂದಕ್ಕೆಳೆದುಕೊಂಡುಬಿಟ್ಟೆ. "ಹೂಂ, ಈಗ ಗೊತ್ತಾಯ್ತಾ?" ಎಂದರು ಹಿಂದಿನಿಂದ. ಮನೆಗೆ ಬಂದ ಮೇಲೂ ಹಾಗೇ ಆಗತೊಡಗಿತು. ಹಾಲಿನವನ ಮೂಗು ಎಡಕ್ಕೆ ವಾಲಿದೆ ಎಂದು ಕಂಡಿತು. ಎದುರು ಮನೆಯಾಕೆ ಒಂದು ಕಾಲಿನ ಮೇಲೆ ಹೆಚ್ಚು ಭಾರ ಹಾಕಿ ನಿಲ್ಲುವುದು ಕಂಡಿತು. ಮಂಡಿನೋವಿರಬೇಕು ಎಂದು ಕೇಳಿದರೆ, ನಿಜವಾಗಿಯೂ ಇತ್ತು. ಅಷ್ಟು ವರ್ಷ ಕಿವಿಯಲ್ಲೇ ಬದುಕಿದ್ದ ನನಗೆ ಇದೊಂದು ಹೊಸ ಊರಿಗೆ ವರ್ಗವಾಗಿ ಬಂದ ಹಾಗಿತ್ತು. ಅವರಿಗೂ ಹುರುಪು ಬಂತು. ಊಟಕ್ಕೆ ಕೂತರೂ ಅದೇ ಮಾತು. ಆದರೆ ಕೈ ಮಾತ್ರ ಶಾಲಿನ ಒಳಗೇ.

ಗಣೇಶನ ಹಬ್ಬದ ಮುಂದಿನ ಭಾನುವಾರ ಕೆಂಪಮ್ಮ ಬರಲಿಲ್ಲ. ಮಗಳಿಗೆ ಹೆರಿಗೆಯಾಗಿದೆ, ಮಾಗಡಿಗೆ ಹೋಗಿದ್ದೇನೆ, ಇನ್ನೊಂದು ತಿಂಗಳು ಬರುವುದಿಲ್ಲ ಎಂದು ಫೋನ್ ಬಂತು. ಎಲ್ಲರೂ ಹಲಗೆ ಹಿಡಿದುಕೊಂಡು ಮುಖ ಮುಖ ನೋಡಿಕೊಂಡರು. "ಯಾರಾದ್ರೂ ಒಬ್ರು ಕೂತ್ಕೊಳ್ಳೋಣ" ಎಂದ ಒಬ್ಬ. ಯಾರೂ ಏಳಲಿಲ್ಲ. ಬರೆಯುವುದು ಬೇರೆ, ಬರೆಸಿಕೊಳ್ಳುವುದು ಬೇರೆ.

ನನ್ನ ಹಿಂದಿನ ಕುರ್ಚಿ ಸರಿದ ಸದ್ದಾಯಿತು. ಮೇಷ್ಟ್ರು ಎದ್ದು, ನಿಧಾನವಾಗಿ ನಡೆದು ಹೋಗಿ, ಸ್ಟೂಲಿನ ಮೇಲೆ ಕೂತರು. ಶಾಲು ತೆಗೆದು ಪಕ್ಕಕ್ಕಿಟ್ಟರು. ಎರಡೂ ಕೈ ತೊಡೆಯ ಮೇಲಿಟ್ಟರು. "ಬರೀರಿ" ಎಂದರು.

ಬಲಗೈ ನಡುಗುತ್ತಲೇ ಇತ್ತು. ಉತ್ತರದ ಬೆಳಕು ನೇರ ಅದರ ಮೇಲೇ ಬಿದ್ದಿತ್ತು. ಯಾರಿಗೂ ತಲೆ ಎತ್ತಲು ಧೈರ್ಯವಿರಲಿಲ್ಲ. ಕ್ರೇಯಾನಿನ ಸದ್ದೇ ಇಲ್ಲ. ಆಗ ದೀಪಾ ಕೈ ಎತ್ತಿದಳು. ಯಾವುದೋ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಮನಸ್ಸಿನಲ್ಲಿದ್ದದ್ದನ್ನು ಹಾಗೇ ಆಡಿಬಿಡುವ ಹುಡುಗಿ.

"ಸರ್, ಬಲಗೈ ಅಲ್ಲಾಡ್ತಿದೆ. ಹೇಗೆ ಬರೀಲಿ?"

ಪಕ್ಕದಲ್ಲಿದ್ದವರು ಅವಳನ್ನು ಮೊಳಕೈಯಿಂದ ತಿವಿದರು. ಮೇಷ್ಟ್ರ ಮುಖ ಮಾತ್ರ ಅರಳಿತು. ಎಷ್ಟೋ ದಿನ ಆ ಪ್ರಶ್ನೆಗಾಗಿ ಕಾದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಒಳ್ಳೇ ಪ್ರಶ್ನೆ ಕಣಮ್ಮ. ನಿಂತಿರೋದನ್ನ ಮೊದ್ಲು ಬರಿ. ಭುಜ ನಿಂತಿದೆ, ಮೊಳಕೈ ನಿಂತಿದೆ. ಅಲ್ಲಾಡೋದನ್ನ ಸುಮ್ನೆ ನೋಡ್ತಿರು. ಅದು ಎಲ್ಲಿಂದ ಎಲ್ಲಿಗೆ ಹೋಗಿ ವಾಪಸ್ ಬರುತ್ತೆ ಅಂತ ಗೊತ್ತಾಗೋವರೆಗೂ ನೋಡು. ಆಮೇಲೆ ಬರಿ."

ಕಡ್ಡಿಗಳು ಕಾಗದದ ಮೇಲೆ ಓಡತೊಡಗಿದವು. ಎಲ್ಲರೂ ನೋಡಿದರು. ಎಲ್ಲರೂ ಬರೆದರು.

ಮನೆಗೆ ಬಂದು ಊಟವಾದ ಮೇಲೆ ಅವರು ನನ್ನ ಹಾಳೆ ಕೇಳಿದರು. ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಾ ಬರ್ದಿದೀಯ. ಕಿವಿ ಚೆನ್ನಾಗಿದೆ. ಜುಬ್ಬದ ಗುಂಡಿ ಕೂಡ ಬರ್ದಿದೀಯ. ಬಲಗೈ ಎಲ್ಲಿ?"

"ಟೈಮ್ ಆಗ್ಲಿಲ್ಲ."

"ಗುಂಡಿಗೆ ಟೈಮ್ ಆಯ್ತು."

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೊರಟೆ. "ಸುಶೀಲ, ಕೂತ್ಕೊ" ಎಂದರು. ಧ್ವನಿ ಏರಿಸಿರಲಿಲ್ಲ. ಆದರೆ ಆ ಧ್ವನಿಯಲ್ಲಿ ಏನಿತ್ತೆಂದು ನನ್ನ ಕಿವಿಗೆ ಗೊತ್ತಾಯಿತು. ಕೂತೆ.

"ನನ್ನ ಕೈ ನೋಡಿ ಎಷ್ಟು ದಿನ ಆಯ್ತು ನೀನು?"

"ದಿನಾ ನೋಡ್ತೀನಲ್ಲ! ನಿಮಗೆ ಗುಂಡಿ ಹಾಕೋರು ಯಾರು? ಅನ್ನ ಕಲಸಿ ಚಮಚ ಇಟ್ಟು ಕೊಡೋರು ಯಾರು?"

"ಅದು ಕೆಲಸ. ನೋಡೋದಲ್ಲ. ಗುಂಡಿ ಹಾಕುವಾಗ ನೀನು ಕ್ಯಾಲೆಂಡರ್ ನೋಡ್ತಿರ್ತೀಯ. ಯಾರಾದ್ರೂ ಬಂದ್ರೆ ಮೊದ್ಲು ಶಾಲು ಎಳೀತೀಯ. ಯಾರ ಮನೆಗೂ ಹೋಗೋದು ಬೇಡ ಅಂತೀಯ."

"ನೋಡಿದ್ರೆ ನಿಮಗೆ ಬೇಜಾರಾಗುತ್ತೆ ಅಂತ..." ಎಂದೆ.

"ನೋಡದೇ ಇದ್ರೆ ಆಗುತ್ತೆ ಬೇಜಾರು. ನಾನೇನೋ ಹೇಸಿಗೆ ಮಾಡ್ಕೊಂಡ ಹಾಗಿರುತ್ತೆ." ಹಾಳೆಯನ್ನು ಪಕ್ಕಕ್ಕಿಟ್ಟು ಹೇಳಿದರು, "ಇವತ್ತು ಅಷ್ಟು ಜನ ನೋಡಿದ್ರು. ಆರಾಮಾಗಿತ್ತು ಕಣೆ. ಸುಸ್ತಾಗಿತ್ತು ಮುಚ್ಚಿಟ್ಕೊಂಡು."

ಹೊರಗೆ ಹೂವಿನವಳು ಕೂಗುತ್ತಾ ಹೋದಳು. ಆ ದಿನ ನಾನು ಅವಳನ್ನು ಕರೆಯಲೂ ಇಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಅವರು ನಡುಮನೆಯ ಮಂಚದ ಮೇಲೆ ಮಲಗಿದ್ದರು. ನಾನು ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತಿದ್ದೆ. ತಲೆ ಎತ್ತಿ ನೋಡಿದರೆ ಅವರ ಬಲಗೈ ಅಲ್ಲಾಡುತ್ತಿರಲಿಲ್ಲ. ಮೊದಲು ಗಾಬರಿಯಾಗಿ ಉಸಿರು ನೋಡಿದೆ. ಉಸಿರು ಸರಿಯಾಗಿತ್ತು. ನಿದ್ದೆಯಲ್ಲಿ ನಡುಕ ನಿಂತಿತ್ತು, ಅಷ್ಟೆ. ಕಂಬಳಿಯ ಮೇಲೆ ಆ ಕೈ ಮೊದಲಿನ ಹಾಗೇ ಬಿದ್ದುಕೊಂಡಿತ್ತು. ನಾನು ಮದುವೆಯಾಗಿ ಬಂದಾಗಿನ ಕೈ, ಮಗಳ ಸ್ಲೇಟಿನ ಮೇಲೆ ಒಂದೇ ಗೆರೆಯಲ್ಲಿ ಆನೆ ಬರೆದುಕೊಡುತ್ತಿದ್ದ ಕೈ. ಮೊರ ಪಕ್ಕಕ್ಕಿಟ್ಟು, ಸದ್ದು ಮಾಡದೆ ಹಲಗೆ ತಂದೆ. ಅಳುತ್ತಲೇ ಬರೆದೆ. ಕೈ ಮಾತ್ರ ತಡವರಿಸಲಿಲ್ಲ. ನಾಲ್ಕು ಬೆರಳಿನ ಗೆಣ್ಣು, ಉಗುರಿನ ಹೊಳಪು, ಮಣಿಕಟ್ಟಿನ ಉಬ್ಬಿದ ನರ, ಎಲ್ಲ ಬಂದವು. ಅಷ್ಟು ಚೆನ್ನಾಗಿ ನಾನು ಅದುವರೆಗೆ ಏನನ್ನೂ ಬರೆದಿರಲಿಲ್ಲ.

ಎದ್ದ ಮೇಲೆ ಕಾಫಿಯ ಜೊತೆ ಕೊಟ್ಟೆ. ಶಾಭಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹಿಡಿದ ಹಾಳೆ ಪಟಪಟ ಅಲ್ಲಾಡುತ್ತಿತ್ತು.

"ಚೆನ್ನಾಗಿದೆ. ನಾನು ಮಲಗಿದ್ದಾಗ ಬರೆದ್ಯಾ?"

"ಹೂಂ. ನಿದ್ದೇಲಿ ನಿಂತುಬಿಡುತ್ತೆ ರೀ! ನಿಮಗೆ ಗೊತ್ತಾ?"

"ನಂಗೆ ಹೇಗೆ ಗೊತ್ತಾಗ್ಬೇಕು, ಮಲಗಿರ್ತೀನಲ್ಲ!" ಎಂದು ನಕ್ಕರು. ಆಮೇಲೆ ಹಾಳೆಯನ್ನು ನನಗೆ ಹಿಂದಿರುಗಿಸಿ ಮೆಲ್ಲಗೆ ಹೇಳಿದರು, "ಆದ್ರೆ ಇದು ಮಲಗಿರೋನ ಕೈ. ಎದ್ದಿರೋನನ್ನ ಬರಿ."

ನವರಾತ್ರಿಯುದ್ದಕ್ಕೂ ಅದೇ ನನ್ನ ಅಭ್ಯಾಸವಾಯಿತು. ಸಂಜೆ ಮಳೆ ಹಿಡಿದುಕೊಂಡಾಗ ಅವರು ಜಗಲಿಯ ಕುರ್ಚಿಯಲ್ಲಿ ಕೂರುತ್ತಿದ್ದರು, ಕೈ ತೊಡೆಯ ಮೇಲೆ. ನಾನು ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಮೊದಲ ದಿನಗಳಲ್ಲಿ ನೋಡುವುದೇ ಕಷ್ಟವಾಗುತ್ತಿತ್ತು, ಕಣ್ಣು ತಾನಾಗಿ ಜಾರಿ ಮೊಳಕೈಗೆ ಹೋಗುತ್ತಿತ್ತು. "ಎಲ್ಲಿಗೆ ಹೋದೆ? ವಾಪಸ್ ಬಾ" ಎನ್ನುತ್ತಿದ್ದರು. ಬರೆದ ಬೆರಳು ಮರುಕ್ಷಣ ಅಲ್ಲಿರುತ್ತಿರಲಿಲ್ಲ. ಸಿಟ್ಟು ಬಂದು ಎರಡು ಮೂರು ಹಾಳೆ ಮುದುಡಿ ಎಸೆದೆ. "ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ರೆ!" ಎಂದು ಒಂದು ಸಲ ರೇಗಿಯೇ ಬಿಟ್ಟೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೇ ಮಾತು ಡಾಕ್ಟ್ರಿಗೂ ಹೇಳೆ!"

ಆ ನಗುವಿನ ಮೇಲೆ ಏನೋ ಸಡಿಲವಾಯಿತು. ಮೊದಲ ಸಲ ಆ ಕೈಯನ್ನು ಕಾಯಿಲೆ ಎಂದುಕೊಳ್ಳದೆ ನೋಡಿದೆ. ಹೆಬ್ಬೆರಳು ಒಳಗೆ ಬರುತ್ತದೆ, ತೋರುಬೆರಳನ್ನು ಸವರುತ್ತದೆ, ಹೊರಗೆ ಹೋಗುತ್ತದೆ. ಮಣಿಕಟ್ಟು ಸಣ್ಣದಾಗಿ ಹೊರಳುತ್ತದೆ. ಅವರು ಮಾತಾಡುವಾಗ ಜಾಸ್ತಿ, ರಸ್ತೆಯಲ್ಲಿ ಹೋಗುವವರನ್ನು ನೋಡುವಾಗ ಕಡಿಮೆ. ಕಡ್ಡಿಯನ್ನು ಒತ್ತದೆ ತೆಳ್ಳಗೆ ಎಳೆದೆ. ಹೆಬ್ಬೆರಳು ಇದ್ದ ಜಾಗಗಳಲ್ಲೆಲ್ಲ ಹೆಬ್ಬೆರಳನ್ನು ಬರೆದೆ, ಒಂದರ ಮೇಲೊಂದು. ಯಾವುದನ್ನೂ ಅಳಿಸಲಿಲ್ಲ. ಮೊಳಕೈಯನ್ನು ಕಪ್ಪಿನಲ್ಲಿ ಗಟ್ಟಿಯಾಗಿ ಕೂರಿಸಿದೆ. ಬೆಳಕು ಕಂತುವ ಹೊತ್ತಿಗೆ ಬಿಳಿ ಕಡ್ಡಿ ತಗೊಂಡು ಗೆಣ್ಣುಗಳ ಮೇಲೆ ಮೆಲ್ಲಗೆ ಆಡಿಸಿದೆ.

ಅವರು ಹಾಳೆ ಕೇಳಿದರು. ನೋಡಿದರು. ನಾನು ಕಾಯುತ್ತಾ ಕೂತೆ, ಪರೀಕ್ಷೆ ಬರೆದ ಹುಡುಗಿಯ ಹಾಗೆ.

"ಹೆಬ್ಬೆರಳು ಒಂದು ಸ್ವಲ್ಪ ಉದ್ದ ಆಯ್ತು" ಎಂದರು ಕೊನೆಗೆ.

"ಅಷ್ಟೇನಾ?"

"ಅಷ್ಟೆ. ಬಾಕಿಯೆಲ್ಲ ನಾನೇ." ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕೈಯನ್ನು ಅದರ ಪಕ್ಕದಲ್ಲಿಟ್ಟರು. ಎರಡನ್ನೂ ನೋಡುತ್ತ, ಬೀದಿದೀಪ ಹತ್ತುವ ತನಕ ಹಾಗೇ ಕೂತಿದ್ದರು.

ಮುಂದಿನ ಭಾನುವಾರ ಅವರೇ ಅದನ್ನು ಹಾಲಿನ ಗೋಡೆಗೆ ಪಿನ್ ಹಾಕಿಸಿದರು. ಮಾಗಡಿಯಿಂದ ಹಿಂದಿರುಗಿದ್ದ ಕೆಂಪಮ್ಮ ಅದರ ಮುಂದೆ ನಿಂತು, "ಮೇಷ್ಟ್ರ ಕೈನ ಇಷ್ಟು ಚೆಂದ ಬರ್ದಿದೀರ. ನನ್ನ ಮಾತ್ರ ಕುಂಬಳಕಾಯಿ" ಎಂದು ಮೂತಿ ತಿರುವಿದರು. ಅವತ್ತು ಅವರನ್ನು ಮೂರು ಹಾಳೆ ಬರೆದು ಸಮಾಧಾನ ಮಾಡಬೇಕಾಯಿತು.

ದೀಪಾವಳಿಯ ನಂತರ ಮಳೆ ಕಡಿಮೆಯಾಯಿತು. ಕಾರ್ತೀಕದಲ್ಲಿ ರಘುವಿನ ಮಗಳ ಮದುವೆ, ವಿಶ್ವೇಶ್ವರಪುರದ ಒಂದು ಛತ್ರದಲ್ಲಿ. ಹಿಂದಿನ ದಿನ ಅವನಿಗೆ ಫೋನ್ ಮಾಡಿ, "ಊಟಕ್ಕೂ ಇರ್ತೀವಿ ಕಣೋ, ಬೆಳಗ್ಗೆ ತಿಂಡಿಗೇ ಬರ್ತೀವಿ" ಎಂದೆ. "ಭಾವ ಹುಷಾರಾಗಿದಾರಾ?" ಎಂದ. "ಹುಷಾರಾಗೇನಿಲ್ಲ. ಆದ್ರೂ ಬರ್ತಾರೆ" ಎಂದೆ.

ಬೆಳಗ್ಗೆ ಅವರಿಗೆ ರೇಷ್ಮೆ ಪಂಚೆ ಉಡಿಸಿದೆ. ಜುಬ್ಬದ ಗುಂಡಿ ಹಾಕಿದೆ, ಕ್ಯಾಲೆಂಡರ್ ನೋಡದೆ. ಶಾಲನ್ನು ಮಡಿಸಿ ಎಡಭುಜದ ಮೇಲೆ ಹಾಕಿದೆ. ಅವರು ನನ್ನ ಮುಖ ನೋಡಿದರು.

ಛತ್ರದ ಮುಂದಿನ ಸಾಲಿನಲ್ಲಿ ನನ್ನ ತಂದೆಯ ತಂಗಿ ರಂಗತ್ತೆ ಕೂತಿದ್ದರು, ತೊಂಬತ್ತರ ಹತ್ತಿರದವರು. ನಾವು ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತ ಕೂಡಲೇ ಅವರ ಕಣ್ಣು ಅಲ್ಲಿಗೇ ಹೋಯಿತು. ಓಲಗದ ಸದ್ದಿನ ಮೇಲೆ ಕೇಳಲೆಂದು ಜೋರಾಗಿಯೇ ಕೇಳಿದರು, "ಏನೇ ಸುಶೀ, ಶ್ರೀಕಂಠನ ಕೈಗೇನಾಯ್ತು?"

ಹಿಂದಿನ ಸಾಲಿನ ಮೂರ್ನಾಲ್ಕು ತಲೆಗಳು ಇತ್ತ ತಿರುಗಿದವು.

"ಪಾರ್ಕಿನ್ಸನ್ ಅಂತ ಅತ್ತೆ" ಎಂದೆ, ನಾನೂ ಅಷ್ಟೇ ಜೋರಾಗಿ. "ವಾಸಿ ಆಗೋ ಕಾಯಿಲೆ ಅಲ್ಲ. ಮಾತ್ರೆ ತಗೋತಿದಾರೆ."

ಮನೆಯ ಹೊರಗೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಂಗತ್ತೆ ಮೇಷ್ಟ್ರ ಬಲಗೈಯನ್ನು ತಮ್ಮ ಸುಕ್ಕುಗಟ್ಟಿದ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಷ್ಟೇ ತಾನೆ! ನನ್ನ ನೋಡು, ತಲೆನೇ ಅಲ್ಲಾಡುತ್ತೆ. ಏನು ಕೇಳಿದ್ರೂ 'ಬೇಡ ಬೇಡ' ಅಂದ ಹಾಗಾಗಿ, ಬಡಿಸೋರು ಹೋಳಿಗೆ ಬಡಿಸದೆ ಹೋಗ್ಬಿಡ್ತಾರೆ ಕಣಯ್ಯ" ಎಂದರು. ಮೇಷ್ಟ್ರು ನಕ್ಕ ರಭಸಕ್ಕೆ ಎಡಗೈಯಲ್ಲಿದ್ದ ಅಕ್ಷತೆಯೆಲ್ಲ ಚೆಲ್ಲಿಹೋಯಿತು. ರಘುವಿನ ಹೆಂಡತಿ ಬಂದು ಮತ್ತೆ ಕೊಟ್ಟಳು.

ಮೊದಲ ಪಂಕ್ತಿಯಲ್ಲೇ ಕೂತೆವು, ಅವರು ನನ್ನ ಬಲಕ್ಕೆ. ಚಮಚ ತಂದಿದ್ದೆ, ಬ್ಯಾಗಿನಿಂದ ತೆಗೆಯಲಿಲ್ಲ. ಬೇಕಾದರೆ ಅವರೇ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಅನ್ನ ಬಂತು, ತೊವ್ವೆ ಬಂತು. ಸಾರಿನವನು ಅವರ ಎಲೆಯ ಮುಂದೆ ಬಂದು, ಆ ಕೈ ನೋಡಿ, ಸೌಟು ಹಿಡಿದುಕೊಂಡು ಹಾಗೇ ನಿಂತ.

"ಬಡಿಸಪ್ಪ. ಕೈ ಹೀಗೇ ಇರುತ್ತೆ. ಹಸಿವೇನೋ ಚೆನ್ನಾಗಿದೆ" ಎಂದರು ಮೇಷ್ಟ್ರು.

ಬಡಿಸಿದ. ಅವರು ಕಲಸಿದರು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಎಲೆಗೆ ಉದುರಿತು, ಒಂದೆರಡು ಅಗುಳು ಪಂಚೆಗೆ. ಮಿಕ್ಕದ್ದನ್ನು ಚಪ್ಪರಿಸಿ ಉಂಡರು. ಮತ್ತೆ ಕಲಸಿದರು. ಪಕ್ಕದಲ್ಲಿ ಯಾರು ನೋಡಿದರು, ಯಾರು ನೋಡಲಿಲ್ಲ, ನನಗೆ ಗೊತ್ತಿಲ್ಲ. ಹೆಬ್ಬೆರಳು ಅನ್ನವನ್ನು ಒಳಗೆ ಒತ್ತುವುದು, ಬೆರಳುಗಳು ಮುಚ್ಚಿಕೊಳ್ಳುವುದು, ಮಣಿಕಟ್ಟು ಹೊರಳಿ ಹೊರಳಿ ಬಾಯಿಯ ದಾರಿ ಹಿಡಿಯುವುದು, ಅಷ್ಟನ್ನೇ ನಾನು ನೋಡುತ್ತಾ ಕೂತಿದ್ದೆ.

ಅವರು ನನ್ನ ಕಡೆ ತಿರುಗಿದರು.

"ನನ್ನ ನೋಡಿದ್ದು ಸಾಕು, ನಿನ್ನ ಎಲೆ ನೋಡ್ಕೊ. ಸಾರು ಹರಿದು ಸೀರೆಗೆ ಬರ್ತಿದೆ" ಎಂದರು.